ನೀಲಿ ದೋಣಿಗಳಿಗೆ ನಾವೇ ಎಳನೀರು ಕೊಟ್ಟೆವು

ನಮ್ಮ ದ್ವೀಪದ ಬಾವಿಗೆ ಕಡಲು ನುಗ್ಗಿ ನೀರೆಲ್ಲ ಉಪ್ಪಾಗಿದೆ. ಕೆಸವಿನ ಗೆಡ್ಡೆ ನೆಟ್ಟ ಗುಂಡಿಯಲ್ಲೇ ಕೊಳೆಯುತ್ತದೆ. ಮಳೆ ಬಾರದ ತಿಂಗಳಲ್ಲಿ ನಾನೂ ಸೊಸೆಯೂ ಪಕ್ಕದ ನಡುಗಡ್ಡೆಗೆ ದೋಣಿ ಹುಟ್ಟುಹಾಕಿಕೊಂಡು ಹೋಗಿ ಸಿಹಿನೀರು ತರಬೇಕು. ನಾನು ಹೇಳುವ ಈ ಸಂಗತಿ ನಡೆದಾಗ ಸೊಸೆಗೆ ಏಳು ತಿಂಗಳು ತುಂಬಿತ್ತು.

ಊರಿಗೊಂದು ದೊಡ್ಡ ಮಳೆನೀರಿನ ಟ್ಯಾಂಕು ಬೇಕಿತ್ತು. ಅದಕ್ಕೆಂದೇ ನಮ್ಮ ಹವಳದ ದಿಬ್ಬಕ್ಕೆ ಮೂರು ವರ್ಷ ನಿಷೇಧ ಹಾಕಿದೆವು. ಅಲ್ಲಿ ತಳದಲ್ಲಿ ತೆವಳುವ, ಒಣಗಿಸಿದರೆ ಒಳ್ಳೆಯ ಬೆಲೆ ಬರುವ ಕಡಲಸೌತೆ ಎಂಬ ಜೀವಿಯನ್ನು ಯಾರೂ ಮುಟ್ಟಲಿಲ್ಲ. ಈಸ್ಟರ್ ಕಳೆದ ಮೇಲೆ ಹಿಡಿದು, ಒಣಗಿಸಿ, ಮಾರಿ ಟ್ಯಾಂಕು ತರುವುದೆಂದು ಮಾತಾಗಿತ್ತು.

ಈಸ್ಟರಿಗೆ ಎರಡು ವಾರ ಇರುವಾಗ ಪರದೇಶದ ಮೂರು ನೀಲಿ ದೋಣಿಗಳು ನಮ್ಮ ದಿಬ್ಬದ ಹತ್ತಿರ ಬಂದು ನಿಂತವು. ಒಬ್ಬ ಖಾಲಿ ಡಬ್ಬ ಎತ್ತಿ ತೋರಿಸಿ, ಎಂಜಿನ್ ಕೆಟ್ಟಿದೆ, ನೀರು ಬೇಕು ಎಂದು ಸನ್ನೆ ಮಾಡಿದ.

ನನ್ನ ಗಂಡ ಲೌಟೋ ತೆಂಗಿನ ಮರ ಹತ್ತಿಯೇಬಿಟ್ಟರು. ಅದನ್ನು ತಪ್ಪು ಅನ್ನಲಾರೆ. ಅವರಪ್ಪ ಒಮ್ಮೆ ಗಾಳಿಗೆ ಸಿಕ್ಕಿ ಹದಿನೇಳು ದಿನ ತೇಲಿ, ಯಾವುದೋ ದೇಶದ ದಡದಲ್ಲಿ ಯಾರೋ ಕೊಟ್ಟ ಎಳನೀರಿನಿಂದ ಬದುಕಿ ಬಂದವರು. ತೇಲಿ ಬಂದವರಿಗೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ.

ಅಷ್ಟರಲ್ಲಿ ನಾದಿನಿಯ ಮಗಳು ಸೆಲಿನಾ ಓಡಿ ಬಂದಳು. ರಾಜಧಾನಿ ಹೋನಿಯಾರಾದ ಕಚೇರಿಯ ಜೊತೆ ಮಾತಾಡುವ ಊರಿನ ರೇಡಿಯೋ ನೋಡಿಕೊಳ್ಳುವವಳು ಅವಳೇ.

"ಮಾವ, ಎಳನೀರು ಕೊಡಿ, ಬೇಡ ಅನ್ನಲ್ಲ. ಆದ್ರೆ ಮೊದ್ಲು ಹೋನಿಯಾರಾಕ್ಕೆ ಹೇಳ್ಬಿಡೋಣ. ದೋಣಿ ಬಣ್ಣ, ನಂಬರು, ಎಷ್ಟು ಜನ, ಅಷ್ಟೇ. ಅವ್ರು ಅಕ್ಕಪಕ್ಕದ ದೇಶಕ್ಕೆಲ್ಲ ತಿಳಿಸ್ತಾರೆ. ಯಾರ ಗಸ್ತು ಹಡಗು ಹತ್ರ ಇರುತ್ತೋ ಅದು ಬರುತ್ತೆ."

"ಬಾಯಾರಿದವ್ರ ಮೇಲೆ ಪೊಲೀಸ್ರನ್ನ ಛೂ ಬಿಡೋದಾ? ನಿಮ್ಮಜ್ಜ ಇದ್ದಿದ್ರೆ ಏನನ್ನೋರು?"

"ನಿಜವಾಗ್ಲೂ ಕೆಟ್ಟು ನಿಂತಿದ್ರೆ ಆ ಹಡಗೇ ಅವ್ರನ್ನ ಮನೆ ಸೇರಿಸುತ್ತೆ. ಮೂರೂ ದೋಣಿ ಒಟ್ಟಿಗೇ ಕೆಡುತ್ತಾ ಮಾವ?"

"ಎರಡು ದಿನ ತರಬೇತಿಗೆ ಹೋಗ್ಬಂದು ನನಗೇ ಕಡಲಿನ ಪಾಠ ಹೇಳ್ತೀಯಾ? ಊರ ಹಿರಿಯ ನಾನು. ನಾನು ಹೇಳೋವರ್ಗೂ ರೇಡಿಯೋ ಮುಟ್ಟಬೇಡ."

ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಐದು ದಿನ ಎಳನೀರು ಹೊತ್ತೆವು, ಸುಟ್ಟ ಮೀನು ಹೊತ್ತೆವು. ಅವರು ಕೈ ಮುಗಿದು ನಕ್ಕರು. ದಿಬ್ಬದ ಆಚೆ ಬದಿ ಊರಿಗೆ ಕಾಣುವುದಿಲ್ಲ; ರಾತ್ರಿ ಅಲ್ಲಿ ಏನು ನಡೆಯುತ್ತಿತ್ತೋ ನಮಗೆ ತಿಳಿಯಲಿಲ್ಲ. ಆರನೆಯ ಬೆಳಿಗ್ಗೆ ದೋಣಿಗಳಿರಲಿಲ್ಲ. ಲೌಟೋ ಅಲ್ಲಿಗೆ ಹೋಗಿ ಮುಳುಗಿ ನೋಡಿ ಬಂದು ದಡದಲ್ಲಿ ಕೂತುಬಿಟ್ಟರು.

"ಏನಾಯ್ತ್ರೀ?"

"ಕಡಲಸೌತೆ ಒಂದೂ ಇಲ್ಲ ಕಣೇ. ಬೆರಳುದ್ದದ್ದನ್ನೂ ಬಿಟ್ಟಿಲ್ಲ."

ಸೆಲಿನಾ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಈಗ್ಲಾದ್ರೂ ಹೇಳ್ಲಾ ಮಾವ?" ಅಂದಳು, ಅಷ್ಟೇ. ಲೌಟೋ ತಾವೇ ರೇಡಿಯೋ ಮುಂದೆ ಕೂತರು. ಅತ್ತಲಿಂದ ದೋಣಿಯ ನಂಬರು ಕೇಳಿದರು. ಐದು ದಿನ ಅದರ ಪಕ್ಕಕ್ಕೇ ಹೋಗಿ ಬಂದವರಿಗೆ ನಂಬರು ಗೊತ್ತಿರಲಿಲ್ಲ.

ಹನ್ನೊಂದು ದಿನದ ಮೇಲೆ ನೆರೆಯ ದೇಶದ ಗಸ್ತು ಹಡಗು ಆ ಮೂರೂ ದೋಣಿಗಳನ್ನು ಹಿಡಿಯಿತು. ಅಲ್ಲಿನ ಒಬ್ಬ ಹೆಂಗಸು ಕಂಡ ಕೂಡಲೇ ನಂಬರು ಸಮೇತ ತಿಳಿಸಿದ್ದಳಂತೆ. ಅವಳ ದಿಬ್ಬ ಉಳಿಯಿತು. ನಮ್ಮ ಕಡಲಸೌತೆ ಆ ದೋಣಿಗಳಲ್ಲಿ ಉಪ್ಪು ಹಾಕಿದ ಮೂಟೆಗಳಲ್ಲಿತ್ತು; ಆ ಮೂಟೆಗಳನ್ನು ಆ ದೇಶದವರೇ ಜಪ್ತಿ ಮಾಡಿಕೊಂಡರು. ಸತ್ತದ್ದನ್ನು ವಾಪಸ್ ತಂದು ನೀರಿಗೆ ಹಾಕಿದರೆ ಬದುಕುತ್ತದೆಯೇ?

ಮೊನ್ನೆ ಸೊಸೆ ಹೆತ್ತಳು. ಮಗುವಿನ ಸ್ನಾನಕ್ಕೆ ನೀರು ತರಲು ಲೌಟೋ ಹೋಗಿದ್ದರು. ಈಗ ಯಾವ ಹೊಸ ದೋಣಿ ಕಂಡರೂ ನಂಬರು ಬರೆದು ಸೆಲಿನಾಗೆ ಕೊಡುತ್ತಾರೆ. ಬುದ್ಧಿ ಬಂತು, ಟ್ಯಾಂಕು ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಗುರುತಿಲ್ಲದ ದೋಣಿ ಕಂಡರೆ ಬಣ್ಣ, ನಂಬರು, ಹೋದ ದಿಕ್ಕು ಆಗಲೇ ರೇಡಿಯೋದಲ್ಲಿ ಹೇಳಿ. ನಿಮ್ಮ ಕಡಲಿಗೆ ಬಂದವರು ನಾಳೆ ಇನ್ನೊಬ್ಬರ ಕಡಲಿಗೆ ಹೋಗುತ್ತಾರೆ. ನಮಗಿಂತ ಮೊದಲು ಆ ದೋಣಿಗಳನ್ನು ಯಾವುದೋ ಊರಿನವರು ಕಂಡೇ ಇರುತ್ತಾರೆ. ಅವರೂ ನಮ್ಮ ಹಾಗೇ ಸುಮ್ಮನಿದ್ದಿರಬೇಕು. ನೀವು ಸುಮ್ಮನಿರಬೇಡಿ.