ಕಾದ ಮೇಲೆ ಹಿಡಿಯುವ ಬ್ರೇಕು

ಬ್ರೇಕ್ ಪೆಡಲ್ ಸೀದಾ ಕೆಳಗಿಳಿದು ನೆಲಕ್ಕೆ ತಾಗಿತು. ಕಾಲನ್ನು ತಡೆಯುವಂಥದ್ದು ಏನೂ ಇರಲಿಲ್ಲ. ಟ್ರ್ಯಾಕಿನ ಉದ್ದನೆಯ ನೇರ ದಾರಿ ಮುಗಿದು ಬಲಕ್ಕೆ ಹೊರಳುವ ಜಾಗ ಕಣ್ಣೆದುರೇ ದೊಡ್ಡದಾಗುತ್ತ ಬರುತ್ತಿತ್ತು. ಅವಳು ಕಾಲೆತ್ತಿ ಮತ್ತೊಮ್ಮೆ ಒತ್ತಿದಳು. ಈ ಸಲ ಪೆಡಲ್ ಅರ್ಧದಲ್ಲೆಲ್ಲೋ ತುಸು ಗಟ್ಟಿಯಾಯಿತು, ಕಾರು ಮೂಗು ತಗ್ಗಿಸಿತು, ಆದರೆ ತಿರುವಿಗೆ ಅದು ಸಾಲಲಿಲ್ಲ. ಡಾಂಬರು ದಾಟಿ ಅಂಚಿನ ಜಲ್ಲಿಯೊಳಗೆ ನುಗ್ಗಿತು. ಹೊಟ್ಟೆಯಡಿ ಕಲ್ಲುಗಳು ಬಡಬಡನೆ ಬಡಿದವು. ಹಳೆಯ ಟೈರುಗಳನ್ನು ಪೇರಿಸಿದ ಗೋಡೆ ಇನ್ನೇನು ಬಂತು ಎನ್ನುವಾಗ ಕಾರು ನಿಂತಿತು. ಎದ್ದ ಧೂಳು ಮಾತ್ರ ನಿಲ್ಲದೆ ಹೋಗಿ ಗೋಡೆಗೆ ಹಾಯಿತು.

ಪಕ್ಕದ ಸೀಟಿನಲ್ಲಿ ತಂಗಿ ನಗುತ್ತಿದ್ದಳು.

ಅದು ನಗು ಎಂದು ಅಕ್ಕನಿಗೆ ಮೊದಲು ತಿಳಿಯಲಿಲ್ಲ. ಹೆಲ್ಮೆಟ್ಟಿನೊಳಗಿನ ಸದ್ದು ಬಿಕ್ಕಿ ಅಳುವ ಹಾಗೆ ಕೇಳಿತ್ತು. ತಂಗಿ ಮುಖದ ಗಾಜನ್ನು ಮೇಲೆತ್ತಿದಳು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

"ಅಯ್ಯಯ್ಯೋ ಅಕ್ಕಾ! ನಿಂಗೇನು ತಲೆ ಕೆಟ್ಟಿದ್ಯಾ? ಬೇಕಂತ್ಲೇ ಮಾಡಿದ್ದು ತಾನೇ?"

ಗಂಡ ತೀರಿಕೊಂಡು ವರ್ಷ ಕಳೆದಿದ್ದರೂ ತಂಗಿ ಬಾಯಿಬಿಟ್ಟು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. ಗ್ರಂಥಾಲಯದ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಊಟ ಮಾಡು ಅಂದರೆ ಮಾಡುತ್ತಿದ್ದಳು. ರಜೆಯ ದಿನವೂ ಮನೆಯಲ್ಲೇ ಕೂತು ಮಂಕು ಹಿಡಿಯುತ್ತಾಳೆ ಎಂದು ಅಕ್ಕ ಬಲವಂತವಾಗಿ ಎಳೆದುಕೊಂಡು ಬಂದಿದ್ದಳು.

"ಹ್ಞೂಂ," ಎಂದಳು ಅಕ್ಕ.

ಅಕ್ಕನದು ಕನ್ನಡಕದ ಅಂಗಡಿ. ಐವತ್ತರ ಹತ್ತಿರ ಬಂದಿದ್ದ ಅವಳಿಗೆ ಈ ಹುಚ್ಚು ಹಿಡಿಸಿದ್ದು ಒಬ್ಬ ಗಿರಾಕಿ. ಹಡಗಿಗಾಗಲಿ ವಿಮಾನಕ್ಕಾಗಲಿ ಎಂದೂ ಕ್ಯಾಪ್ಟನ್ ಆಗಿರದಿದ್ದರೂ ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ವೇಗದಲ್ಲಿ ಹೋಗುವಾಗ ದೂರದ ತಿರುವು ಮಸುಕಾಗುತ್ತದೆ, ಅದಕ್ಕೆ ತಕ್ಕ ಕನ್ನಡಕ ಬೇಕು ಎಂದು ಬಂದವನು, ತಿಂಗಳಿಗೊಂದು ಭಾನುವಾರ ಊರ ಹೊರಗಿನ ರೇಸ್ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದು ಎಂಬ ಸುದ್ದಿಯನ್ನೂ ಬಿಟ್ಟುಹೋದ. ಸುಮ್ಮನೆ ನೋಡಿಬರೋಣವೆಂದು ಹೋದವಳು ತನ್ನ ಕಾರನ್ನೂ ಟ್ರ್ಯಾಕಿಗೆ ಇಳಿಸಿದಳು. ದಿನಸಿ ಸಾಮಾನು ಹೊರುವ ಪುಟ್ಟ ಕಾರು ಅದು. ಆ ದಿನ ಮನೆಗೆ ಬಂದವಳೇ ಮುಂದಿನ ತಿಂಗಳ ಆ ಭಾನುವಾರಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಅಲ್ಲಿಂದ ಒಂದು ಭಾನುವಾರವನ್ನೂ ಬಿಟ್ಟಿರಲಿಲ್ಲ.

ಜಲ್ಲಿಯಿಂದ ಕಾರನ್ನು ಎಳೆಸಿಕೊಂಡು ಬಂದಾಗ ಕ್ಯಾಪ್ಟನ್ ಚಕ್ರದ ಬಳಿ ಬಗ್ಗಿ ಮೂಸಿ ನೋಡಿದ. ಸುಟ್ಟ ವಾಸನೆ. ತಂಗಿ ನೀರು ಕುಡಿಯಲು ಹೋಗಿದ್ದಳು.

"ಬಿಡದೆ ಸುತ್ತು ಹೊಡೆದ್ರಿ ಅಲ್ವಾ? ಬ್ರೇಕ್ ಆಯಿಲ್ ಕುದ್ದುಬಿಟ್ಟಿದೆ ಮೇಡಂ. ಒಳಗೆ ಗುಳ್ಳೆ ಎದ್ರೆ ನೀವು ಒತ್ತೋದು ಗಾಳೀನ. ನನ್ನ ಹಳೇ ಕಾರೂ ಇದೇ ಮಾಡೆಲ್ಲು. ಅದರ ದೊಡ್ಡ ಡಿಸ್ಕು, ಡಿಸ್ಕನ್ನ ಕಚ್ಚಿ ಹಿಡಿಯೋ ರೇಸ್ ಪ್ಯಾಡು ಎಲ್ಲ ಶೆಡ್ಡಲ್ಲಿ ಸುಮ್ನೆ ಬಿದ್ದಿದೆ, ತಗೊಂಡ್ಹೋಗಿ."

"ಅದನ್ನ ಹಾಕಿಸಿದ್ರೆ ಬೇಗ ನಿಲ್ಲುತ್ತಾ?"

ಕ್ಯಾಪ್ಟನ್ ನಕ್ಕ. "ಬೇಗ ನಿಲ್ಲೋದಕ್ಕೆ ಯಾರು ಹಾಕಿಸ್ತಾರೆ? ಇನ್ನೂ ತಡವಾಗಿ ಒತ್ತೋದಕ್ಕೆ!"

ಆ ಮಾತು ಅವಳ ಜೊತೆ ಮನೆಗೆ ಬಂತು. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತವರಿಗೆ ಗಾಜು ಬದಲಾಯಿಸುತ್ತ, "ಇದು ಸರಿ ಕಾಣುತ್ತಾ, ಇದಾ?" ಎಂದು ಕೇಳುವಾಗ ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಒಮ್ಮೆ ಒತ್ತಿ, ಎತ್ತಿ, ಮತ್ತೆ ಒತ್ತುವುದು. ಸ್ನಾನಕ್ಕೆ ನಿಂತಾಗ ಟೈರುಗಳ ಗೋಡೆ ಕಾಣುತ್ತಿತ್ತು. ಟ್ರ್ಯಾಕಿನ ಸಹವಾಸವೇ ಬೇಡ ಎಂದು ಬೆಳಿಗ್ಗೆ ನಿಶ್ಚಯಿಸುವಳು. ಸಂಜೆಗೆ ತಂಗಿಯ ಫೋನು ಬರುತ್ತಿತ್ತು.

"ಮುಂದಿನ ಸಲ ಯಾವಾಗ ಅಕ್ಕ? ನಾನು ರಜ ಹಾಕ್ಬೇಕಾ? ನಿನ್ನೆ ನಮ್ಮ ಲೈಬ್ರರಿಯಲ್ಲಿ ಎಲ್ರಿಗೂ ಹೇಳ್ದೆ. ನಮ್ಮಕ್ಕ ಕಾರನ್ನ ಗೋಡೆ ತನಕ ಬಿಟ್ಟು ಟಕ್ಕಂತ ನಿಲ್ಲಿಸ್ತಾಳೆ ಅಂದ್ರೆ ಯಾರೂ ನಂಬ್ತಿಲ್ಲ ಕಣೇ."

ಅವಳ ದನಿಯಲ್ಲಿ ಜೀವ ಬಂದಿತ್ತು. ನಿಜ ಹೇಳಿದರೆ ಆ ನಗುವನ್ನು ಕೈಯಾರೆ ಕಿತ್ತುಕೊಂಡಂತೆ. ಹೇಳದೆ ಮತ್ತೆ ಕೂರಿಸಿಕೊಂಡು ಹೋದರೆ? ಬ್ರೇಕನ್ನು ಗಟ್ಟಿ ಮಾಡಿಸಿಬಿಟ್ಟರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡಳು. ಅಂದುಕೊಂಡದ್ದೇ ಕ್ಯಾಪ್ಟನ್ನನ ಶೆಡ್ಡಿಗೆ ಹೋಗಿ ಡಿಸ್ಕು, ಪ್ಯಾಡಿನ ಪೆಟ್ಟಿಗೆ ತಂದಳು.

ಗ್ಯಾರೇಜಿನವನು ಚಕ್ರ ಬಿಚ್ಚಿ, ಹಳೆಯ ಬ್ರೇಕ್ ಆಯಿಲನ್ನು ಬಾಟಲಿಗೆ ಇಳಿಸಿದ. ಅದು ಕಾಫಿ ಬಣ್ಣಕ್ಕೆ ತಿರುಗಿತ್ತು.

"ತಪ್ಪು ನಂದೇ ಅಕ್ಕಾ. ನೀವು ಅಂಗಡಿಗೂ ಮನೆಗೂ ಓಡಾಡ್ತೀರಿ ಅಂತ ನಾನು ಇದನ್ನ ಮುಟ್ಟೇ ಇರ್ಲಿಲ್ಲ," ಎಂದ. ಆಮೇಲೆ ದೊಡ್ಡ ಡಿಸ್ಕನ್ನು ಕೂರಿಸಿ ನೋಡಿ ತಲೆ ಕೆರೆದುಕೊಂಡ. "ಇದಕ್ಕೆ ನಿಮ್ಮ ಚಕ್ರ ಹತ್ತಲ್ಲ. ಚಕ್ರ ದೊಡ್ಡದು ಮಾಡಿದ್ರೆ ಟೈರು ಬದಲಿಸ್ಬೇಕು. ಟೈರು ಬದಲಿಸಿದ್ರೆ... ಇದು ಮುಗಿಯೋ ಕತೆಯಲ್ಲ."

"ಪ್ಯಾಡ್ ಮಾತ್ರ ಹಾಕಬಹುದಾ?"

"ಹಾಕಬಹುದು. ಆದ್ರೆ ಇವು ಚೆನ್ನಾಗಿ ಕಾದ ಮೇಲೇ ಹಿಡಿಯೋವು. ತಣ್ಣಗಿದ್ದಾಗ ಸ್ವಲ್ಪ ನೋಡ್ಕೊಂಡು ಓಡಿಸಿ."

ಅವಳು ಹ್ಞೂಂಗುಟ್ಟಿದಳು. ಕಾರು ತೀರ ತಣ್ಣಗಿರುವಾಗ ಓಡಿಸುವವನು ತನ್ನ ಗಂಡ ಎಂಬುದು ಆಗಲೇ ಮನಸ್ಸಿಗೆ ಬಂದಿತ್ತು. ಅವನು ಬೇಕರಿ ನಡೆಸುತ್ತಿದ್ದ. ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಲು ಹೊರಡುತ್ತಿದ್ದ. ಹೇಳಬೇಕು ಎಂದುಕೊಂಡೇ ಮನೆಗೆ ಬಂದಳು. ಹೇಳಿದರೆ, ಈ ಪ್ಯಾಡ್ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಿದರೆ ಜಲ್ಲಿಯ ಸಂಗತಿ ಹೊರಬರುತ್ತದೆ. ಊಟಕ್ಕೆ ಕೂತಾಗ, "ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದೀನಿ ರೀ," ಎಂದಳು. "ಒಳ್ಳೇದಾಯ್ತು ಬಿಡು," ಎಂದ ಅವನು. ಮುಂದಿನ ಮಾತಿನ ಬದಲು ಅವಳು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಫೋನು ಬಂತು.

"ಏನಿಲ್ಲ, ನೀನು ಗಾಬರಿ ಆಗ್ಬೇಡ," ಎಂದು ಗಂಡ ಶುರುಮಾಡಿದ.

ಅವಳು ಚಪ್ಪಲಿ ಮೆಟ್ಟಿ ಓಡಿದಳು. ಬೇಕರಿಯ ಹಿಂದೆ ಇಳಿಜಾರಿನ ಕೆಳಗೆ ಕಾರು ನಿಂತಿತ್ತು, ಮುಂದಿನ ದೀಪ ಒಡೆದು. ಗೋಡೆಗೆ ಒರಗಿಸಿ ಪೇರಿಸಿಟ್ಟ ಬ್ರೆಡ್ಡಿನ ಖಾಲಿ ಟ್ರೇಗಳೆಲ್ಲ ಅಂಗಳದ ತುಂಬ ಚೆಲ್ಲಾಪಿಲ್ಲಿ. ಗಂಡ ಮೈಮೇಲೆ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನ ಕೈ, ಹಣೆ, ಮೊಣಕಾಲು ಎಲ್ಲವನ್ನೂ ಅವಳು ಮುಟ್ಟಿ ನೋಡಿದಳು.

"ನಂಗೇನೂ ಆಗಿಲ್ಲ ಮಾರಾಯ್ತಿ. ಒತ್ತಿದ್ರೆ ಕಟ್ಟಿಗೆ ಒತ್ತಿದ ಹಾಗಾಯ್ತು. ಜಾರ್ಕೊಂಡು ಹೋಗಿ ಟ್ರೇಗೆ ಗುದ್ದಿತು." ಅವನು ದನಿ ತಗ್ಗಿಸಿದ. "ಟ್ರೇ ಜೋಡಿಸೋ ಅಮ್ಮ ದಿನಾ ಅಲ್ಲೇ ಕೂತಿರ್ತಾರೆ. ಇವತ್ತು ಬಸ್ಸು ತಪ್ಪಿ ತಡ ಮಾಡಿದ್ರು."

ಆ ಅಮ್ಮ ಈಗ ಒಳಗೆ ಟ್ರೇ ಒರೆಸುತ್ತ ಯಾರ ಮೇಲೋ ರೇಗುತ್ತಿದ್ದಳು. ಅವಳ ದನಿ ಹೊರಗೆ ಕೇಳುತ್ತಿತ್ತು. ಅಕ್ಕ ಒಲೆಯ ಪಕ್ಕದ ಹಿಟ್ಟಿನ ಚೀಲದ ಮೇಲೆ ಹೋಗಿ ಕುಳಿತಳು. ಕೂತವಳು ಎಲ್ಲವನ್ನೂ ಹೇಳಿಬಿಟ್ಟಳು. ನೆಲಕ್ಕೆ ಇಳಿದ ಪೆಡಲ್, ಜಲ್ಲಿ, ತಂಗಿಯ ನಗು, ಗ್ಯಾರೇಜಿನವನು ಹೇಳಿದ ಮಾತು, ತಾನು ನುಂಗಿದ ಮಾತು.

ಗಂಡ ಒಲೆಯ ಬಾಗಿಲು ತೆರೆದು, ಒಳಗೆ ನೋಡಿ, ಮುಚ್ಚಿದ.

"ಒಲೆ ಕಾಯದೆ ಬ್ರೆಡ್ ಬೇಯಲ್ಲ ಅಂತ ಗೊತ್ತಿತ್ತು. ಬ್ರೇಕಿಗೂ ಅದೇ ಕತೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಅವನು ಕೈಯ ಹಿಟ್ಟು ಕೊಡವಿದ. "ನನ್ನ ವಿಷಯ ಬಿಡು. ನಿನ್ನ ತಂಗಿ ಮತ್ತೆ ಆ ಸೀಟಲ್ಲಿ ಕೂರೋದಕ್ಕೆ ಮುಂಚೆ ಅವಳಿಗೆ ಹೇಳು."

ಅಂದೇ ಪ್ಯಾಡ್ ಬಿಚ್ಚಿಸಿದಳು. ತಣ್ಣಗಿದ್ದಾಗಲೂ ಹಿಡಿಯುವ, ಬಿಸಿಯನ್ನೂ ಒಂದು ಮಟ್ಟಕ್ಕೆ ತಡೆಯುವ ಪ್ಯಾಡನ್ನು ಗ್ಯಾರೇಜಿನವನು ಯಾರನ್ನೋ ವಿಚಾರಿಸಿ ತರಿಸಿಕೊಟ್ಟ. ಬೇಗ ಕುದಿಯದ ಆಯಿಲ್ ತುಂಬಿದ. "ಇಷ್ಟು ಮಾಡಿದ್ರೆ ಟ್ರ್ಯಾಕಲ್ಲಿ ಓಡಿಸಬಹುದಾ?" ಎಂದು ಕೇಳಿದ್ದಕ್ಕೆ, "ನಾನು ರೇಸ್ ಕಾರ್ ಮುಟ್ಟಿದವನಲ್ಲ, ಹೇಗೆ ಹೇಳ್ಲಿ? ಎರಡು ಸುತ್ತು ಜೋರಾಗಿ ಹೋದ್ರೆ ಒಂದು ಸುತ್ತು ಮೆಲ್ಲಗೆ ಹೋಗಿ, ಬ್ರೇಕ್ ಆರ್ಲಿ," ಎಂದ. ಪೆಟ್ಟಿಗೆ ವಾಪಸ್ ಕೊಟ್ಟಾಗ ಕ್ಯಾಪ್ಟನ್ನಿಗೆ ಬೇಸರವಾಯಿತು. "ಹಾಗಾದ್ರೆ ನೀವು ಬೇಗ ಒತ್ತಬೇಕಾಗುತ್ತೆ. ಎಲ್ರೂ ನಿಮ್ಮನ್ನ ದಾಟ್ಕೊಂಡು ಹೋಗ್ತಾರೆ." "ಹೋಗ್ಲಿ," ಎಂದಳು. ಹಾಗೆಂದದ್ದು ಸುಲಭವಾಗೇನೂ ಇರಲಿಲ್ಲ.

ತಂಗಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಮಧ್ಯಾಹ್ನದ ಹೊತ್ತು ಗ್ರಂಥಾಲಯಕ್ಕೆ ಹೋದಳು. ತಂಗಿ ಓದುಗರು ಮರಳಿಸಿದ ಪುಸ್ತಕಗಳನ್ನು ಗಾಡಿಯಿಂದ ಎತ್ತಿ ಕಪಾಟಿಗೆ ಸೇರಿಸುತ್ತಿದ್ದಳು. ಅಕ್ಕನನ್ನು ಕಂಡು ಮುಖ ಅರಳಿತು. ಅಕ್ಕ ಪಿಸುದನಿಯಲ್ಲಿ ಹೇಳತೊಡಗಿದಳು. ತಂಗಿಯ ಕೈಯಲ್ಲಿದ್ದ ಪುಸ್ತಕ ಕಪಾಟಿಗೂ ಹೋಗಲಿಲ್ಲ, ಗಾಡಿಗೂ ಮರಳಲಿಲ್ಲ.

"ಅಂದ್ರೆ ಅವತ್ತು ಬ್ರೇಕ್ ಇರ್ಲೇ ಇಲ್ವಾ?"

"ಎರಡನೇ ಸಲ ಒತ್ತಿದಾಗ ಸ್ವಲ್ಪ ಇತ್ತು."

"ಬೇಕಂತ್ಲೇ ಮಾಡಿದ್ಯಾ ಅಂತ ಕೇಳ್ದೆ. ಹ್ಞೂಂ ಅಂದೆ."

"ನೀನು ನಗ್ತಿದ್ದೆ ಕಣೇ. ಎಷ್ಟು ದಿನ ಆಗಿತ್ತು..."

ತಂಗಿ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. ದನಿ ಏರಲಿಲ್ಲ.

"ನಮ್ಮನೆಯವ್ರು ಹೋದ ದಿನಾನೂ ನೀನೇ ಫೋನ್ ಮಾಡಿದ್ದು. ಏನೂ ಆಗಿಲ್ಲ, ಸ್ವಲ್ಪ ಎದೆನೋವಂತೆ, ಆಸ್ಪತ್ರೆಗೆ ಬಾ ಅಂದೆ. ದಾರಿಯಲ್ಲಿ ನಾನು ಅವ್ರಿಗೆ ಕಿತ್ತಳೆಹಣ್ಣು ತಗೊಂಡೆ. ಆರಿಸಿ ಆರಿಸಿ ತಗೊಂಡೆ ಅಕ್ಕ."

ಅಕ್ಕ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಒಬ್ಬ ಮುದುಕ ಬಂದು ಪತ್ರಿಕೆಗಳು ಎಲ್ಲಿ ಎಂದು ಕೇಳಿದ. ತಂಗಿ ಅವನ ಜೊತೆ ನಡೆದುಹೋದವಳು ತಿರುಗಿ ಬರಲಿಲ್ಲ.

ಸಂಜೆಯ ಫೋನು ನಿಂತುಹೋಯಿತು. ಅಕ್ಕ ತಾನಾಗಿ ಮಾಡಿದರೆ ಗಂಟೆ ಬಾರಿಸಿ ಬಾರಿಸಿ ಸುಮ್ಮನಾಗುತ್ತಿತ್ತು. ಮತ್ತೆ ಮಂಕು ಕವಿಯಿತೋ, ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎಂದು ಒದ್ದಾಡಿದಳು. "ಅವಳಿಗೆ ಸಿಟ್ಟು ಬಂದಿದೆ, ಅಷ್ಟೇ. ಸಿಟ್ಟು ಮಾಡ್ಕೊಳ್ಳೋಷ್ಟಾದ್ರೂ ಗಟ್ಟಿ ಇದಾಳಲ್ಲ," ಎಂದ ಗಂಡ. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ.

ಟ್ರ್ಯಾಕಿನ ಭಾನುವಾರ ಬಂತು. ಹೋಗದೇ ಇರಲು ಮನಸ್ಸಾಗಲಿಲ್ಲ, ಹೋಗಲು ಧೈರ್ಯವೂ ಸಾಲಲಿಲ್ಲ. ಕಡೆಗೆ ಒಬ್ಬಳೇ ಹೊರಟಳು. ಟ್ರ್ಯಾಕಿನ ಗೇಟಿನ ಬಳಿ ಬಸ್ಸಿಳಿದು ನಿಂತಿದ್ದ ತಂಗಿಯನ್ನು ಕಂಡು ಬ್ರೇಕ್ ಒತ್ತಿದಳು. ಕಾರು ನಿಂತಿತು. ತಂಗಿ ಹತ್ತಲಿಲ್ಲ. ಕಿಟಕಿಗೆ ಬಗ್ಗಿ, "ಮೊದ್ಲು ಒಬ್ಳೇ ಹೋಗು. ನಾನು ಇಲ್ಲಿಂದ ನೋಡ್ತೀನಿ," ಎಂದಷ್ಟೇ ಹೇಳಿ ತಂತಿಬೇಲಿಯ ಕಡೆ ನಡೆದಳು.

ನೇರ ದಾರಿಯ ಕೊನೆ ಹತ್ತಿರವಾದಾಗ ಅಂಗೈ ಬೆವರಿ ಸ್ಟೇರಿಂಗ್ ಜಾರಿತು. ಉಳಿದವರು ಒತ್ತುವುದಕ್ಕಿಂತ ಬಹಳ ಮೊದಲೇ ಒತ್ತಿದಳು. ಪೆಡಲ್ ಗಟ್ಟಿಯಾಗಿತ್ತು. ಕ್ಯಾಪ್ಟನ್ ಹಾರನ್ ಮಾಡುತ್ತ ದಾಟಿಹೋದ, ಅವನ ಹಿಂದೆ ಇನ್ನೂ ಯಾರೋ. ಮುಂದಿನ ಸುತ್ತಿನಲ್ಲೂ ಪೆಡಲ್ ಗಟ್ಟಿಯಾಗೇ ಇತ್ತು. ಆದರೂ ಪ್ರತಿ ತಿರುವಿಗೂ ಮೊದಲೇ ಕಾಲನ್ನು ಪೆಡಲ್ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಆಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದೆ, ದನ ಮೇಯಿಸಲು ಹೊರಟವಳ ಹಾಗೆ ಮೆಲ್ಲಗೆ ಬಂದು, ಬೇಲಿಯ ಪಕ್ಕ ನಿಲ್ಲಿಸಿದಳು.

ಎಂಜಿನ್ ಆರಿಸಿದ ಮೇಲೆ ಮುಂದಿನ ಚಕ್ರಗಳಿಂದ ಕಾದ ಕಬ್ಬಿಣ ಆರುವ ಟಿಕ್ ಟಿಕ್ ಸದ್ದು ಬರುತ್ತಿತ್ತು. ತಂಗಿ ಬಂದು ಬಲಗಡೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗಾಳಿ ತಣ್ಣಗೆ ಬೀಸುತ್ತಿತ್ತು.

"ಮುಟ್ಟಬಹುದಾ?"

"ಬೇಡ, ಸುಡುತ್ತೆ."

ತಂಗಿ ಮುಟ್ಟಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈಗಳನ್ನು ಚಕ್ರದ ಹತ್ತಿರಕ್ಕೆ ಒಡ್ಡಿ, ಬಿಸಿ ಎಲ್ಲಿಯವರೆಗೆ ಬರುತ್ತದೆಂದು ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕನೂ ಇಳಿದು ಬಂದು ಅವಳ ಪಕ್ಕ ಕೂತಳು. ತಂಗಿ ಒಂಚೂರು ಸರಿದು ಜಾಗ ಮಾಡಿದಳು.