ಸರಪಳಿ ಎಳೆದ ಕಡೆ

ಮಗಳ ವರದಿ ಸಂಜೆ ನಾಲ್ಕರೊಳಗೆ ಹವಾಮಾನ ಕಚೇರಿಗೆ ಹೋಗಬೇಕಿತ್ತು. ಹೋಯಿತೆಂದರೆ ನನ್ನ ಯಜಮಾನರು ತಾವು ಕಡಲಲ್ಲಿ ನಿಲ್ಲಿಸಿದ್ದ, ಬೀಸುವ ವೇಗ ಅಳೆಯುವ ಗಾಳಿಯಂತ್ರವನ್ನು ಕೆಟ್ಟಿದೆಯೆಂದು ತಾವೇ ಕಿತ್ತು ದಡಕ್ಕೆ ತರಬೇಕು. ಲಂಗರು ಹಾಕಿದ ತೇಲುವ ಡ್ರಮ್ಮು, ಅದರ ನೆತ್ತಿಯ ಮೇಲೆ ಯಂತ್ರ. ಹನ್ನೊಂದು ವರ್ಷದಿಂದ ಅದಕ್ಕೆ ಎಣ್ಣೆ ಹಾಕಿ, ಪಾಚಿ ಕೆರೆದು ಸಾಕಿದವರು ಅವರೇ.

"ಉಪಗ್ರಹ ಹೇಳೋ ಗಾಳೀಗೂ ನಿಮ್ಮ ಡ್ರಮ್ಮು ಹೇಳೋದಕ್ಕೂ ತಾಳೇನೇ ಇಲ್ಲಪ್ಪಾ. ನಾನೇನ್ ಮಾಡ್ಲಿ?"

"ಆಕಾಶದಲ್ಲಿರೋದು ಹೇಳಿದ್ದೇ ಸರಿ, ನೀರಲ್ಲಿ ನೆನೀತಿರೋದು ಸುಳ್ಳು. ಒಳ್ಳೆ ನ್ಯಾಯ ಕಣಮ್ಮ!"

ಊಟದ ಮೇಜಿನ ಎರಡು ತುದಿಯಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಕೂತರು. ನಾನು ಒಣಗಿದ ಹೊದಿಕೆಯ ಒಂದು ತುದಿಯನ್ನು ಯಜಮಾನರ ಕೈಗೆ ಕೊಟ್ಟು, ಮಡಿಸುತ್ತಾ ಕೇಳಿದೆ, "ದಿನಾ ಒಂದೇ ಥರ ತಪ್ಪುತ್ತೇನೇ?"

"ಇಲ್ಲಮ್ಮ. ಕೆಲವು ವಾರ ಉಪಗ್ರಹದ್ದು ಕಡಿಮೆ, ಕೆಲವು ವಾರ ಜಾಸ್ತಿ."

"ಕೆಟ್ಟ ಯಂತ್ರ ಹಾಗೆ ಮನಸ್ಸು ಬದಲಾಯಿಸುತ್ತಾ?"

"ನೀರು ಬದಲಾಯಿಸುತ್ತೆ," ಎಂದರು ಯಜಮಾನರು, ಇನ್ನೂ ಸಿಡುಕಿನಲ್ಲೇ. "ಒಂದೊಂದ್ ಸಲ ಒಂದೊಂದ್ ಕಡೆ ಹರಿಯುತ್ತೆ, ಆ ಕಡೆಗೇ ಡ್ರಮ್ಮು ಲಂಗರಿನ ಸರಪಳೀನ ಜಗ್ಗುತ್ತಿರುತ್ತೆ. ನೋಡ್ದೆ ದೋಣಿ ನುಗ್ಗಿಸಿದ್ರೆ ಫಜೀತಿ."

ಮಗಳು ತಟ್ಟನೆ ತಲೆ ಎತ್ತಿದಳು. "ಯಾವಾಗ ಯಾವ ಕಡೆ ಅಂತ ನೆನಪಿದ್ಯಾ?"

"ನೆನಪ್ಯಾಕೆ? ಬರೆದಿಟ್ಟಿದ್ದೀನಲ್ಲ."

ಎಣ್ಣೆಕಲೆಯ ನೋಟ್‌ಬುಕ್ಕು ಬಂತು. ಮಗಳು ಅದನ್ನು ಪಕ್ಕದಲ್ಲಿಟ್ಟುಕೊಂಡು ತನ್ನ ಅಂಕಿಗಳೊಡನೆ ತಾರೀಖು ತಾರೀಖು ಹೋಲಿಸಿದಳು. ನೀರು ಗಾಳಿಯ ದಿಕ್ಕಿಗೇ ಹರಿದ ವಾರಗಳಲ್ಲಿ ಉಪಗ್ರಹದ ಲೆಕ್ಕ ಕಡಿಮೆ. ಎದುರು ಹರಿದ ವಾರಗಳಲ್ಲಿ ಜಾಸ್ತಿ. ಒಂದು ವಾರವೂ ತಪ್ಪಿರಲಿಲ್ಲ.

ಉಪಗ್ರಹ ಗಾಳಿಯನ್ನು ನೇರವಾಗಿ ನೋಡುವುದೇ ಇಲ್ಲವಂತೆ. ಗಾಳಿ ನೀರಿನ ಮೇಲೆ ಎಬ್ಬಿಸಿದ ಪುಟ್ಟ ಸುಕ್ಕುಗಳನ್ನು ನೋಡಿ ಲೆಕ್ಕ ಹಾಕುತ್ತದೆ. ನೀರೂ ಗಾಳಿಯ ಜೊತೆಗೇ ಓಡಿದರೆ ಸುಕ್ಕು ಕಡಿಮೆ, ಎದುರು ಓಡಿದರೆ ಹೆಚ್ಚು. ಡ್ರಮ್ಮು ಕಟ್ಟಿದ ಜಾಗ ಬಿಟ್ಟು ಕದಲದು, ಅದಕ್ಕೆ ಬೀಸಿದಷ್ಟು ಗಾಳಿಯೂ ಗೊತ್ತಾಗುತ್ತದೆ.

"ಹಾಗಾದ್ರೆ ತಪ್ಪು ಯಾರದ್ದು ಕಣೇ?" ಎಂದೆ.

"ನಂದೇ. ಮಧ್ಯೆ ನೀರು ಓಡೋದನ್ನ ಮರೆತಿದ್ದೆ."

ಅವಳು ವರದಿಯನ್ನು ಹೊಸದಾಗಿ ಬರೆದಳು. ಡ್ರಮ್ಮು ಇದ್ದಲ್ಲೇ ಇರಲಿ, ಜೊತೆಗೆ ನೀರಿನ ಓಟ ಅಳೆಯುವ ಯಂತ್ರವನ್ನೂ ಕೂಡಿಸಲಿ ಎಂದು ಸೇರಿಸಿದಳು. ನಾಲ್ಕಕ್ಕೆ ಎರಡು ನಿಮಿಷವಿತ್ತು.

"ಕಳಿಸೋ ಮುಂಚೆ ಆ 'ಗಾಳಿಯಂತ್ರದಲ್ಲಿ ದೋಷವಿಲ್ಲ' ಅನ್ನೋ ಸಾಲು ಇನ್ನೊಂದ್ಸಲ ಓದು," ಎಂದರು ಯಜಮಾನರು.

"ಮೂರ್ ಸಲ ಓದಾಯ್ತಪ್ಪಾ!"

"ನಿಮ್ಮಮ್ಮ ಕೇಳಿಸ್ಕೊಂಡಿಲ್ಲ."

ಮೂರು ಸಲವೂ ನಾನು ಅಲ್ಲೇ ನಿಂತಿದ್ದೆ.

"ಹೌದು ಕಣೇ, ಕೇಳ್ಲಿಲ್ಲ," ಎಂದೆ. "ಸ್ವಲ್ಪ ಜೋರಾಗಿ ಓದು."