ಸೊಸೆಯ ಮೈ, ಅತ್ತೆಯ ಬಾಯಿ

ಬೆಳಕವಾಡಿಯ ಹೊಂಬಾಳಮ್ಮನ ಕಾಲಿಗೆ ಕಟಾವಾದ ಕಬ್ಬಿನ ಕೂಳೆ ಚುಚ್ಚಿ ಕೀವು ತುಂಬಿತ್ತು. ಅತ್ತೆ ದೇವಿರಮ್ಮ ಅರಿಸಿನ ಮೆತ್ತಿದರು, ಸುಣ್ಣ ಮೆತ್ತಿದರು. ಜ್ವರ ಏರಿದ ಮೇಲೆ ಬಸ್ಸು ಹತ್ತಿಸಿ ಮಳವಳ್ಳಿಯ ಡಾಕ್ಟರ ಬಳಿಗೆ ಕರೆತಂದರು.

"ಹಿಂದೆ ಯಾವುದಾದರೂ ಔಷಧಿ ಮೈಗೆ ಒಗ್ಗದೇ ಇದ್ದದ್ದುಂಟೇನಮ್ಮ?"

ಡಾಕ್ಟರು ಕೇಳಿದ್ದು ಸೊಸೆಯನ್ನು. ಉತ್ತರ ಬಂದದ್ದು ಅತ್ತೆಯಿಂದ. ಆ ಮನೆಯಲ್ಲಿ ನೋವು ಸೊಸೆಗೆ ಬರಬಹುದಿತ್ತು, ಅದನ್ನು ಹೇಳುವ ಹಕ್ಕು ಅತ್ತೆಯದು.

"ನಾವು ಕಲ್ಲು ತಿಂದು ಕರಗಿಸ್ಕಳೋರು ಕಣ್ರೀ ಡಾಕ್ಟ್ರೇ. ಅಂತಾ ನಾಜೂಕು ನಮ್ಮನೇಲಿಲ್ಲ."

ಹೊಂಬಾಳಮ್ಮನಿಗೆ ಹಳೆಯದೊಂದು ನೆನಪಾಯಿತು. ಮದುವೆಗೆ ಮುಂಚೆ, ಕೊಪ್ಪದ ತವರಿನಲ್ಲಿ, ಒಂದು ಇಂಜೆಕ್ಷನ್ ಚುಚ್ಚಿದೊಡನೆ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡಿತ್ತು. ಧಾರೆಯ ದಿನ ಅವ್ವ ಕಿವಿಯಲ್ಲಿ ಅಂದಿದ್ದಳು: "ಗಂಡನ್ ಮನೇಲಿ ಬಾಯ್ ಬುಟ್ಟೀಯ, ಜೋಕೆ! ರೋಗಿಷ್ಟೆ ಅಂತಾರೆ."

ಅತ್ತ ನರ್ಸು ಪಂಕಜಮ್ಮ ಬಿಳೀ ಪುಡಿಯ ಸೀಸೆಗೆ ನೀರು ಬಿಟ್ಟು ಕುಲುಕತೊಡಗಿದರು. ಕೊಪ್ಪದಲ್ಲೂ ಹೀಗೇ ಕುಲುಕಿದ್ದರು. ಹೇಳಿದರೆ ಅತ್ತೆ ಏನೆಂದಾರು? ಹೇಳದಿದ್ದರೆ, ಮನೆಯಲ್ಲಿ ಬಿಟ್ಟು ಬಂದ ಕೂಸು ಯಾರ ಪಾಲು?

ಸ್ಪಿರಿಟ್ಟಿನ ಹತ್ತಿ ತೋಳಿಗೆ ತಾಕಿತು.

"ಅಕ್ಕೋ, ಬ್ಯಾಡ! ಆ ಬಿಳೀ ಪುಡೀದು ನಂಗಾಗಾಕಿಲ್ಲ. ಮದ್ವೇಗ್ ಮುಂಚೆ ಉಸ್ರು ಕಟ್ಟಿ ಸಾಯಂಗಾಗಿದ್ದೆ!"

ಪಂಕಜಮ್ಮ ಸಿರಿಂಜು ಕೆಳಗಿಟ್ಟರು.

"ಅದು ಪೆನಿಸಿಲಿನ್ನೇ ಇರಬೇಕು," ಎಂದರು ಡಾಕ್ಟರು. "ಒಮ್ಮೆ ಹಾಗಾದವರಿಗೆ ಮತ್ತೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ಬೇರೆ ಔಷಧಿ ಕೊಡ್ತೀನಿ."

"ಲೇ, ಇಷ್ಟ್ ದಿನ ಯಾಕೆ ಬಾಯ್ಗೆ ಬೀಗ ಆಕಂಡಿದ್ದೆ?" ದೇವಿರಮ್ಮ ಗದರಿದರು.

"ರೋಗಿಷ್ಟೆ ಅಂದೀರಿ ಅಂತ, ಅತ್ತೆಮ್ಮ."

"ಅದು ರೋಗವಲ್ಲ ಕಣಮ್ಮ," ಎಂದರು ಪಂಕಜಮ್ಮ. "ಕೆಲವರಿಗೆ ಕೆಲವು ಔಷಧಿ ಆಗೋದಿಲ್ಲ. ನೀವು ಹೇಳದೆ ನಮಗೇನು ಕನಸು ಬೀಳುತ್ತಾ?"

ದೇವಿರಮ್ಮ ಯೋಚಿಸಿದರು. "ನಂಗೆ ಬದ್ನೇಕಾಯಿ ಆಗಾಕಿಲ್ವಲ್ಲ, ಅಂಗಾ?"

ಕಲ್ಲು ಕರಗಿಸುವ ಮನೆತನದ ಬದನೆಕಾಯಿ ಸಂಗತಿ ಕೇಳಿ ಡಾಕ್ಟರು ನಗಲಿಲ್ಲ. "ಹಾಗೇ. ಬದನೆಕಾಯಿ ತುರಿಸುತ್ತೆ, ಇದು ಕೊಲ್ಲುತ್ತೆ."

ಹಿಂದಿರುಗುವ ಬಸ್ಸಿನಲ್ಲಿ ಟಿಕೀಟು ಕೇಳಲು ಬಂದ ಕಂಡಕ್ಟರನಿಗೂ ದೇವಿರಮ್ಮ ತಿಳಿಸಿದರು: "ನಮ್ ಸೊಸೇಗೆ ಪೆನ್ಸಿಲೀನ್ ಆಗಾಕಿಲ್ಲ, ನೆಪ್ಪಿರ್ಲಿ ಕಣಪ್ಪ." ಆಮೇಲೆ ಸೊಸೆಯ ಕಡೆ ತಿರುಗಿ, "ಎಲ್ಲಿ, ನೀನೇ ಒಂದ್ಸಲ ಯೋಳು. ನಾನಿಲ್ದಾಗ ಯಾರ್ ಯೋಳಾರು?" ಎಂದರು.

ಹೊಂಬಾಳಮ್ಮ ಹೇಳಿದಳು, ಗಟ್ಟಿಯಾಗಿಯೇ.

ತಾಯಂದಿರೇ, ಅಣ್ಣಂದಿರೇ, ಔಷಧಿ ತೆಗೆದುಕೊಂಡ ಮೇಲೆ ನಿಮಗೆ ದದ್ದು, ಊತ, ಉಬ್ಬಸ ಬಂದದ್ದುಂಟೆ? ಆ ಔಷಧಿಯ ಹೆಸರು ಕೇಳಿ ತಿಳಿದುಕೊಳ್ಳಿ, ಮನೆಯವರಿಗೂ ತಿಳಿಸಿ. ಹೆಸರು ಗೊತ್ತಿಲ್ಲವೇ? ಆದದ್ದನ್ನಾದರೂ ಹೇಳಿ. ಡಾಕ್ಟರು ಕೇಳಲಿ, ಕೇಳದಿರಲಿ, ಸೂಜಿ ಎತ್ತುವ ಮುಂಚೆ ಬಾಯಿ ಬಿಡಿ. ಮೈ ನಿಮ್ಮದು, ಮಾತೂ ನಿಮ್ಮದೇ ಆಗಲಿ.